ಕಡೆಗೆ ಉಳಿದ ಒಂದು ಮತ

ಸೋವಿಯತ್ ದೇಶದ ಸಂಸತ್ತಾದ ಸರ್ವೋಚ್ಚ ಸೋವಿಯತ್ತಿಗೆ ಚುನಾವಣೆ ಬಂತೆಂದರೆ ವೋಲ್ಗಾ ನದಿ ದಂಡೆಯ ಆ ಗಿರಣಿ ಊರಿನಲ್ಲಿ ಮಗ್ಗ ನಡೆಸುವ ಅಗ್ಲಾಯಾ ಪ್ರೊಖೊರೊವ್ನಾ ಕಾಲಿಗೆ ಚಕ್ರ ಕಟ್ಟಿಕೊಳ್ಳುತ್ತಿದ್ದಳು. ಮತಪತ್ರದಲ್ಲಿ ಇರುತ್ತಿದ್ದದ್ದು ಒಂದೇ ಹೆಸರು. ಗೆಲ್ಲುವವರು ಯಾರೆಂದು ತೊಟ್ಟಿಲ ಕೂಸಿಗೂ ಗೊತ್ತು. ಆದರೂ ತನ್ನ ಕಟ್ಟಡದ ಪ್ರತಿಯೊಬ್ಬರನ್ನೂ ಮತಗಟ್ಟೆಗೆ ಹೊರಡಿಸುವುದು ಚುನಾವಣಾ ಪ್ರಚಾರಕಿಯೂ ಆದ ಅವಳ ಹೊಣೆ. ಒಬ್ಬರು ಉಳಿದರೂ ಅವಳು ಮನೆಗೆ ಹೋಗುವಂತಿರಲಿಲ್ಲ.

ಜನ ಇದನ್ನು ಚೆನ್ನಾಗಿ ಬಲ್ಲರು. ವರ್ಷವಿಡೀ ಅಲೆದರೂ ಆಗದ ಕೆಲಸ ಚುನಾವಣೆಯ ಭಾನುವಾರ "ಮತ ಹಾಕಲ್ಲ" ಎಂದರೆ ಆಗಿಬಿಡುತ್ತಿತ್ತು. ಎಲ್ಲರ ಸೂರು, ಬಾಗಿಲು, ದೀಪಗಳ ರಿಪೇರಿಗಾಗಿ ಅಗ್ಲಾಯಾ ಓಡಾಡುತ್ತಿದ್ದಳು. ಅವಳ ಅಡುಗೆಮನೆಯನ್ನು ಬೆಚ್ಚಗಿಡಬೇಕಾದ ಬಿಸಿನೀರಿನ ಕೊಳವೆ ಮಾತ್ರ ಮೂರು ಚಳಿಗಾಲದಿಂದ ತಣ್ಣಗೆ ಬಿದ್ದಿತ್ತು. ಶಾಲು ಹೊದ್ದೇ ಚಹಾ ಕುಡಿಯುತ್ತಿದ್ದಳು. ಪ್ರಚಾರಕಿಗೆ ಮುನಿಸಿಕೊಳ್ಳುವ ಭಾಗ್ಯ ಎಲ್ಲಿಯದು?

ಆ ಮಾರ್ಚ್‌ನಲ್ಲಿ ಚುನಾವಣೆಯ ದಿನ ಕೆಳಮನೆಯ ಲುಕೆರ್ಯಾ ಅಜ್ಜಿ ಹಟ ಹಿಡಿದಳು.

"ನಲ್ಲಿ ರಿಪೇರಿ ಆಗೋವರ್ಗೂ ನಾನು ಅಲ್ಲಾಡಲ್ಲ ಕಣೇ."

"ಮತಗಟ್ಟೆ ಕ್ಯಾಂಟೀನಿಗೆ ಕಿತ್ತಳೆ ಬಂದಿದೆ ಅಜ್ಜಿ. ಆಮೇಲೆ ಸಿಗಲ್ಲ."

"ನನ್ನ ಪಾಲಿಂದು ತೆಗೆದಿಡು. ಮೊದಲು ನಲ್ಲಿ."

ಅಗ್ಲಾಯಾ ರಿಪೇರಿಯವನನ್ನು ಊಟದಿಂದ ಎಬ್ಬಿಸಿ ಕರೆತಂದಳು. ನಲ್ಲಿ ಸರಿಹೋಯಿತು. ಅಜ್ಜಿ ಹೊಸ ತಲೆವಸ್ತ್ರ ಕಟ್ಟಿಕೊಂಡು ಬಂದು ಮತ ಹಾಕಿ, ಕಿತ್ತಳೆ ಕೊಂಡು ಹೋದಳು. ಉಸ್ಸಪ್ಪಾ ಎಂದು ಅಗ್ಲಾಯಾ ಕೋಟು ತೊಟ್ಟಳು.

"ಎಲ್ಲಿಗೆ ಹೊರಟೆ?" ಮತಗಟ್ಟೆಯ ಅಧ್ಯಕ್ಷ ವೆನಿಯಾಮಿನ್ ಕುಜ್ಮಿಚ್ ತಡೆದ. "ನಿನ್ನ ಕಟ್ಟಡದಲ್ಲಿ ಇನ್ನೊಂದು ಮತ ಬಾಕಿ ಇದೆ. ಮೇಲಿನಿಂದ ಫೋನ್ ಮೇಲೆ ಫೋನು. ಊರಿಗೆಲ್ಲ ನಾವೇ ಕೊನೆ."

"ಯಾರಪ್ಪಾ ಆ ಪುಣ್ಯಾತ್ಮರು?"

ಅವನು ಪಟ್ಟಿ ನೋಡಿ ನಕ್ಕುಬಿಟ್ಟ. "ನೀನೇ. ಊರನ್ನೆಲ್ಲ ಎಬ್ಬಿಸಿ ನಿನ್ನ ಮತಾನೇ ಮರೆತಿದ್ದೀಯಲ್ಲ. ತಗೋ, ಹಾಕು, ಮುಗೀಲಿ."

ಅಗ್ಲಾಯಾ ಮತಪತ್ರಕ್ಕೆ ಕೈ ಚಾಚಿದಳು. ಅಷ್ಟರಲ್ಲಿ ಆ ತಣ್ಣನೆ ಕೊಳವೆ ನೆನಪಾಯಿತು. ಚಾಚಿದ ಕೈ ಹಿಂದಕ್ಕೆ ಬಂತು. ಕುರ್ಚಿ ಎಳೆದುಕೊಂಡು ಕೂತಳು. ಒಳಗೊಳಗೇ ಖುಷಿ.

"ನನ್ನ ಅಡುಗೆಮನೆ ಬೆಚ್ಚಗಾಗೋವರ್ಗೂ ನಾನು ಹಾಕಲ್ಲ."

ಕುಜ್ಮಿಚ್‌ಗೆ ಗಾಬರಿಯಾಯಿತು. ಅಭ್ಯಾಸಬಲದಿಂದ ಬಾಗಿಲ ಕಡೆ ತಿರುಗಿ ಕೂಗಿದ: "ಆ ಕಟ್ಟಡದ ಪ್ರಚಾರಕಿ ಯಾರ್ರೀ? ಕರೀರಿ, ಬಂದು ಈಕೆಗೆ ಬುದ್ಧಿ ಹೇಳ್ಲಿ."

"ನಾನೇ, ಕುಜ್ಮಿಚ್," ಎಂದಳು ಅಗ್ಲಾಯಾ. "ಆಗ್ಲಿಂದ ಹೇಳ್ತಾನೇ ಇದೀನಿ. ಆ ಹೆಂಗಸು ಕೇಳ್ತಾನೇ ಇಲ್ಲ."

ಫೋನು ಮತ್ತೆ ಬಡಿದುಕೊಂಡಿತು. ಕುಜ್ಮಿಚ್ ಫೋನನ್ನೊಮ್ಮೆ, ಅವಳನ್ನೊಮ್ಮೆ ನೋಡಿ, ರಿಪೇರಿಯವನಿಗೆ ಹೇಳಿಕಳಿಸಿದ.

ಬೆಚ್ಚಗಾದ ಕೊಳವೆಯನ್ನು ಮುಟ್ಟಿ ನೋಡಿ ಬಂದ ಮೇಲೆಯೇ ಅವಳು ಮತ ಹಾಕಿದ್ದು. ಅಂದು ಶಾಲು ಮಡಚಿಟ್ಟು ಚಹಾ ಕುಡಿಯುತ್ತಾ ಕೂತಾಗ, ಗಾಳಿಗೆ ಗಡಗಡ ಎನ್ನುವ ಕಿಟಕಿಯ ಕಡೆ ಕಣ್ಣು ಹೋಯಿತು. ಇರಲಿ, ಅದು ಮುಂದಿನ ಚುನಾವಣೆಗೆ ಎಂದುಕೊಂಡಳು.