ಒಂದೇ ಚುಕ್ಕಿಯಲ್ಲಿ ನಲವತ್ತೊಂದು ಮನೆ

ಬೆಳಗಿನ ಐದೂವರೆ. ಹಳೆಯ ಗೋದಾಮಿನ ಕಬ್ಬಿಣದ ಬಾಗಿಲಲ್ಲಿ ಹೆಂಗಸೊಬ್ಬರು ನಿಂತಿದ್ದಾರೆ. ಕೈಯಲ್ಲಿ ಮೊಬೈಲು, ಸೊಂಟದ ಚೀಲದಲ್ಲಿ ಎರಡು ಬ್ಯಾಟರಿ. ಆರು ದಾಟಿದರೆ ಇಲ್ಲಿ ದುಡಿಯುವವರು ಯಾರೂ ಸಿಗುವುದಿಲ್ಲ. ಕಟ್ಟಡದ ಕೆಲಸಕ್ಕೆ, ಲಾಂಡ್ರಿಗೆ ಹೊರಟುಬಿಡುತ್ತಾರೆ. ಅಷ್ಟರೊಳಗೆ ಸಿಕ್ಕವರನ್ನು, ಉಳಿದವರನ್ನು ಸಂಜೆ ಬಂದಾಗ ಇವರು ಕೇಳಬೇಕು: ಮನೇಲಿ ಎಷ್ಟು ಜನ? ನೀರು ಎಲ್ಲಿಂದ ತರ್ತೀರಿ? ನಿನ್ನೆ ಎಷ್ಟು ಸಲ ಉಂಡಿರಿ?

ಈ ಮನೆಗಳಿಗೆ ಇದೇ ಪ್ರಶ್ನೆಗಳನ್ನು ಅವರು ಕೇಳುತ್ತಿರುವುದು ಎರಡನೇ ಸಲ. ಯಾಕೆ ಎಂದು ಕೇಳಿದರೆ ಮುಖ ಕೆಂಪಾಗುತ್ತದೆ.

ಬಡಾವಣೆಗೆಲ್ಲ ಇವರು ‘ಲೆಕ್ಕದಕ್ಕ’. ಹನ್ನೊಂದು ವರ್ಷದಿಂದ ಮನೆಮನೆ ಸಮೀಕ್ಷೆ ಇವರ ಕೆಲಸ. ಮೊದಲು ಕಾಗದದಲ್ಲಿ, ಈಗ ಮೊಬೈಲಿನಲ್ಲಿ. ದಿನಕ್ಕೆ ಹದಿನಾಲ್ಕು ಮನೆ, ಮನೆಗೆ ಎಂಬತ್ತಾರು ಪ್ರಶ್ನೆ. ಲಾರಿ ಟೈರು ಬದಲಿಸುತ್ತಿದ್ದ ಗಂಡ ಬೆನ್ನು ಮುರಿದುಕೊಂಡು ಹಾಸಿಗೆ ಹಿಡಿದು ನಾಲ್ಕು ವರ್ಷ. ಅವರ ಮೈ ಒರೆಸಿ, ಕೈಗೆಟುಕುವಂತೆ ನೀರಿಟ್ಟು ಹೊರಡುತ್ತಾರೆ.

ಗೋದಾಮಿನೊಳಗೆ ಪ್ಲೈವುಡ್ಡು, ಟಾರ್ಪಾಲು ಅಡ್ಡ ಕಟ್ಟಿಕೊಂಡು ನಲವತ್ತೊಂದು ಸಂಸಾರ, ನೂರ ಅರವತ್ತಮೂರು ತಲೆ. ಮೊದಲ ಸಲ ಲೆಕ್ಕದಕ್ಕ ಮೂರು ದಿನ ಅಲ್ಲೇ ಬೆನ್ನು ಬಗ್ಗಿಸಿದರು. ಕೋಣೆಗಳೆಷ್ಟು ಎಂಬ ಪ್ರಶ್ನೆಯಲ್ಲೇ ತಕರಾರು ಶುರುವಾಯಿತು. “ಸೊನ್ನೆ ಒತ್ತಿದ್ರೆ ಮುಂದಕ್ಕೇ ಹೋಗಲ್ಲ. ಒಂದು ಅಂತ ಒತ್ತಿದೆ. ಆ ಸುಳ್ಳು ನಂದಲ್ಲ, ಫೋನಿಂದು.”

ನಾಲ್ಕನೇ ಬೆಳಗ್ಗೆ ಫೋನು ಬೀಗ ಹಾಕಿಕೊಂಡಿತ್ತು. ಪರದೆಯ ಮೇಲೆ ಒಂದೇ ಸಾಲು: ನಿಮ್ಮ ದಾಖಲೆಗಳು ನಕಲಿ. ಪ್ರತಿ ಮನೆಯ ಮಾಹಿತಿಯ ಜೊತೆ ಜಾಗದ ಗುರುತೂ ಕಚೇರಿಗೆ ಹೋಗುತ್ತದೆ. ಒಂದೇ ಸೂರಿನಡಿಯ ನಲವತ್ತೊಂದೂ ನಕ್ಷೆಯ ಒಂದೇ ಚುಕ್ಕಿಯ ಮೇಲೆ ಬಿದ್ದಿದ್ದವು. ಈಕೆ ಯಾವುದೋ ಮರದಡಿ ಕೂತು ಕಥೆ ಕಟ್ಟಿದ್ದಾಳೆ ಎಂದು ಕಚೇರಿಯ ಕಂಪ್ಯೂಟರು ತೀರ್ಮಾನಿಸಿತು. ಯಾರೋ ಒಬ್ಬರು ಎಲ್ಲವನ್ನೂ ಅಳಿಸಿದರು. ಊರಿಗೆಲ್ಲ ಪ್ರಶ್ನೆ ಕೇಳಿಸುವ ಈ ಮಹಾನುಭಾವರಿಗೆ, ಆಕೆಯ ಕೈಯಲ್ಲೇ ಇದ್ದ ಫೋನಿಗೆ ಕರೆ ಮಾಡಿ ಒಂದು ಪ್ರಶ್ನೆ ಕೇಳಲು ಪುರುಸೊತ್ತಿರಲಿಲ್ಲ.

ಲೆಕ್ಕದಕ್ಕ ಕಚೇರಿಗೆ ಹೋದರು. ಒಂಬತ್ತರಿಂದ ಎರಡರವರೆಗೆ ಕಾರಿಡಾರಿನಲ್ಲಿ ನಿಲ್ಲಿಸಿದ ಅಧಿಕಾರಿ, ಯಂತ್ರ ಸುಳ್ಳು ಹೇಳುವುದಿಲ್ಲ ಎಂದು ತಲೆಯೆತ್ತದೆ ಹೇಳಿ ಕಳಿಸಿದರು. ಮರುದಿನವೂ ಹೋದರು. ಅದರ ಮರುದಿನವೂ. “ಕಾಲು ಹಿಡಿಯೋಕಲ್ಲ, ಅವ್ರನ್ನ ಗೋದಾಮಿಗೆ ಕರ್ಕೊಂಡು ಬರೋಕೆ ಹೋಗ್ತಿದ್ದೆ” ಎನ್ನುತ್ತಾರೆ.

ಆರನೇ ದಿನ, ಪೀಡೆ ತೊಲಗಿದರೆ ಸಾಕೆಂದು ಅಧಿಕಾರಿ ಎದ್ದು ಬಂದರು. ಗೋದಾಮಿನ ಈ ತುದಿಯಿಂದ ಆ ತುದಿಗೆ ತಮ್ಮ ಫೋನು ನೋಡುತ್ತಲೇ ನಡೆದರು. ನಕ್ಷೆಯ ಚುಕ್ಕಿ ಕದಲಲಿಲ್ಲ. ಇಪ್ಪತ್ತಮೂರನೇ ಮನೆಯ ಅಜ್ಜಿ ಸ್ಟೂಲು ಒರೆಸಿ ಮುಂದಿಟ್ಟರು. ಅವರು ಕೂರಲಿಲ್ಲ. ಮನೆಯಲ್ಲಿ ಎಷ್ಟು ಜನ ಎಂದರು.

“ಐದು ಜನ ಅಂತ ಇವಳಿಗೆ ಹೇಳಿದ್ನಲ್ಲಪ್ಪ,” ಎಂದರು ಅಜ್ಜಿ. “ಕಳ್ಕೊಂಡ್ಬಿಟ್ರಾ?”

ವಾರದ ಬಳಿಕ ಫೋನಿನ ಬೀಗ ತೆರೆಯಿತು. ಕ್ಷಮಿಸಿ ಎಂಬ ಮಾತು ಬರಲಿಲ್ಲ, ಅಳಿಸಿದ್ದೂ ವಾಪಸು ಬರಲಿಲ್ಲ. ತಪ್ಪು ಅವರದು, ಸವೆಯುವುದು ಈಕೆಯ ಚಪ್ಪಲಿ. ನಲವತ್ತೊಂದು ಮನೆಯನ್ನೂ ಮತ್ತೆ ಬರೆಯಬೇಕು.

ಅಷ್ಟರಲ್ಲಿ ಮೂರು ಸಂಸಾರ ಜಾಗ ಖಾಲಿ ಮಾಡಿದ್ದವು. ‘ಮನೆಗೆ ಬೀಗ’ ಎಂದು ಒತ್ತಿ ಮುಗಿಸಿ ಎಂದಿತು ಕಚೇರಿ. ಇವರು ಒತ್ತಿಲ್ಲ. “ಬಾಗಿಲೇ ಇಲ್ದೋರ ಮನೆಗೆ ಬೀಗ ಎಲ್ಲಿಂದ ತರ್ಲಿ?” ಕೆಲಸ ಮುಗಿಸಿ ಹುಡುಕುತ್ತಾ ಹೋದರು. ಒಂದು ಸಂಸಾರ ರೈಲ್ವೆ ಗೋಡೆಯ ಪಕ್ಕ ಸಿಕ್ಕಿತು, ಇನ್ನೊಂದು ಮುಗಿಯದ ಕಟ್ಟಡದ ಮೂರನೇ ಮಹಡಿಯಲ್ಲಿ. ಮೂರನೆಯದರ ಸುಳಿವಿಲ್ಲ.

ನಿಮಗೇನು ಬೇಕು ಎಂದು ಕೇಳುತ್ತೇನೆ.

“ನಕಲಿ ಅಂತ ಒತ್ತೋ ಮುಂಚೆ ಒಂದ್ಸಲ ಫೋನ್ ಮಾಡ್ಲಿ, ಅಷ್ಟೇ. ಹನ್ನೊಂದು ವರ್ಷದಲ್ಲಿ ಕಾಲಿಡದ ಮನೆ ಒಂದನ್ನೂ ಬರೆದಿಲ್ಲ ನಾನು. ಕಾಲಿಟ್ಟ ಮನೇನ ಅಳಿಸೋಕೂ ಬಿಡಲ್ಲ.”