ಹುಲಿಗೆಮ್ಮನ ಪರವಾಗಿ ನಾನಾಡಿದ ಮಾತು

ಕಳೆದ ವರ್ಷ ಯುಗಾದಿ ಮುಗಿದು ಬಿಸಿಲು ಏರುತ್ತಿದ್ದ ಹೊತ್ತಿಗೆ ನಮ್ಮೂರಿನ ಪುರಸಭೆಗೆ ಅಧ್ಯಕ್ಷರನ್ನು ಆರಿಸುವ ದಿನ ಗೊತ್ತಾಯಿತು. ನನಗೆ ಎಪ್ಪತ್ತು ದಾಟಿದೆ. ಓದಿದ್ದು ಹೈಸ್ಕೂಲಿನವರೆಗೆ. ಮಸ್ಕಿಯಲ್ಲಿ ದರ್ಜಿ ಅಂಗಡಿ ಇಟ್ಟುಕೊಂಡು ಬದುಕಿದವನು. ಇಷ್ಟು ವಯಸ್ಸಿನಲ್ಲಿ ಹೀಗೊಂದು ಕೆಲಸ ಮಾಡಿದೆನೆಂದು ಬರೆಯಲು ನಾಚಿಕೆಯಾಗುತ್ತದೆ. ಆದರೂ ಬರೆಯದೆ ಇರಲಾರೆ.

ನಮ್ಮದು ಸಣ್ಣ ಪಕ್ಷ. ಹೆಸರು ಬೇಡ. ಸಿಂಧನೂರು, ಲಿಂಗಸುಗೂರು, ಮಸ್ಕಿ ಬಿಟ್ಟರೆ ಬೇರೆಲ್ಲೂ ನಮ್ಮವರಿಲ್ಲ. "ನಿಮ್ಮ ಪಕ್ಷದ ಮಂದಿಯೆಲ್ಲ ಒಂದು ಟ್ರ್ಯಾಕ್ಸ್ ಗಾಡಿಯಾಗ ಹಿಡೀತೀರಿ ನೋಡ್ರಿ" ಎಂದು ಚಹಾದಂಗಡಿಯಲ್ಲಿ ಚೇಷ್ಟೆ ಮಾಡುವವರಿದ್ದಾರೆ. ಅಂಥ ಪಕ್ಷದಿಂದ ಆ ಸಲ ನಾವು ಮೂವರು ಪುರಸಭೆಗೆ ಗೆದ್ದಿದ್ದೆವು. ಎರಡು ದೊಡ್ಡ ಪಕ್ಷಗಳು ಸಮಸಮ ಬಂದು, ಯಾರೂ ಅಧಿಕಾರ ಹಿಡಿಯಲಾಗದೆ ಕೂತಿದ್ದವು. ಕೊನೆಗೆ ಅವರಲ್ಲಿ ಒಂದು ಪಕ್ಷದವರು ನಮ್ಮ ಬಳಿ ಬಂದು, "ಅಧ್ಯಕ್ಷಗಿರಿ ನೀವ ತಗೊಳ್ರಿ, ನಾವು ನಿಮ್ಮ ಪರ ಕೈ ಎತ್ತತೀವಿ. ಯಾರು ನಿಲ್ತಾರ ಅನ್ನೋದು ಜಲ್ದಿ ತಿಳಸ್ರಿ" ಎಂದರು. ಅಧ್ಯಕ್ಷ ಸ್ಥಾನ ಸಾಮಾನ್ಯ ವರ್ಗಕ್ಕೆ ಬಂದಿತ್ತು, ಯಾರು ಬೇಕಾದರೂ ನಿಲ್ಲಬಹುದಿತ್ತು.

ಮೂವರಲ್ಲಿ ಒಬ್ಬ ಹೊಸ ಹುಡುಗ, ಅವನು ಮೊದಲೇ ಒಲ್ಲೆನೆಂದ. ಉಳಿದವರು ನಾನು ಮತ್ತು ಹುಲಿಗೆಮ್ಮ. ಹುಲಿಗೆಮ್ಮನಿಗೆ ನಲವತ್ತೈದರ ಆಸುಪಾಸು. ಮಸ್ಕಿಯ ಕೆಳಗಿನ ಓಣಿಯವಳು. ಅಲ್ಲಿಯ ಹೆಣ್ಣಾಳುಗಳನ್ನು ಕಟ್ಟಿಕೊಂಡು, ಕಾಲುವೆಗೆ ನೀರು ಬಿಟ್ಟಾಗ ಸಿಂಧನೂರು ಕಡೆಯ ಗದ್ದೆಗಳಿಗೆ ನೆಲ್ಲು ಹಚ್ಚಲು, ಅಂದರೆ ಭತ್ತದ ಸಸಿ ನೆಡಲು, ಹೋಗುತ್ತಿದ್ದಳು. ನನ್ನನ್ನು ಕಾಕಾ ಎಂದೇ ಕರೆಯುತ್ತಾಳೆ.

ನಿಜ ಹೇಳುತ್ತೇನೆ, ಆ ಕುರ್ಚಿ ನನಗೆ ತುಂಬ ಬೇಕಾಗಿತ್ತು. ಪಕ್ಷದ ಮೊದಲ ಬಾವುಟ ಹೊಲಿದವನು ನಾನು. ಸಾಯುವುದರೊಳಗೆ ಒಮ್ಮೆ ಹೆಸರಿನ ಕೆಳಗೆ ಅಧ್ಯಕ್ಷರು ಎಂಬ ಫಲಕ ನೋಡಬೇಕೆಂಬ ಆಸೆ ಯಾವಾಗ ಹೊಕ್ಕಿತೋ ಗೊತ್ತಿಲ್ಲ. ಸಭೆಗೆ ಮೊದಲೇ ಬಿಳಿ ಬಟ್ಟೆ ತಂದು ನನಗೊಂದು ಹೊಸ ಅಂಗಿ ಹೊಲಿದುಕೊಂಡಿದ್ದೆ. "ಈಗ್ಯಾಕ ಹೊಸಾದು?" ಎಂದು ಹೆಂಡತಿ ಕೇಳಿದರೆ, "ಯಾರದೋ ಮದುವಿ ಐತಿ" ಎಂದು ಸುಳ್ಳು ಹೇಳಿದೆ.

ನಮ್ಮ ಪಕ್ಷದಲ್ಲಿ ಒಂದು ಪದ್ಧತಿ ಇದೆ. ಪಕ್ಷ ಕಟ್ಟಿದ ಹಿರಿಯರು ಹಾಕಿಕೊಟ್ಟದ್ದು. ಯಾವ ಸ್ಥಾನಕ್ಕಾಗಲಿ, ನನಗೆ ಕೊಡಿ ಎಂದು ಯಾರೂ ಬಾಯಿ ಬಿಟ್ಟು ಕೇಳುವಂತಿಲ್ಲ. ಇಬ್ಬರ ಹೆಸರು ಬಂದರೆ, ಇಬ್ಬರೂ ಸಭೆಯಲ್ಲಿ ಎದ್ದು ನಿಂತು ಎದುರಿನವರ ಪರವಾಗಿ ಮಾತನಾಡಬೇಕು. ಅವರು ಯಾಕೆ ಆಗಬೇಕು ಎಂಬುದಕ್ಕೆ ತಾವು ಕಣ್ಣಾರೆ ಕಂಡ ಒಂದು ಸಂಗತಿ ಹೇಳಬೇಕು. ಆಮೇಲೆ ಇಬ್ಬರೂ ಹೊರಗೆ ಹೋಗಿ ಒಂದೇ ಹೊರಸು ಮಂಚದ ಮೇಲೆ ಕೂತು ಚಹಾ ಕುಡಿಯಬೇಕು. ಒಳಗಿದ್ದವರು ಮಾತಾಡಿ ತೀರ್ಮಾನಿಸುತ್ತಾರೆ. ಸೋತವರು ಗೆದ್ದವರ ಹೆಸರು ಸೂಚಿಸಬೇಕು. ಹೊರಗಿನವರಿಗೆ ಇದು ನಗೆ ತರಿಸಬಹುದು. ಆದರೆ ಈ ಪದ್ಧತಿಯಿಂದ ನಮ್ಮಲ್ಲಿ ಜಗಳವಾಡಿ ಪಕ್ಷ ಒಡೆದವರಿಲ್ಲ.

ಸಭೆ ಸೇರಿದ್ದು ಸಿಂಧನೂರು ಹತ್ತಿರದ ಗೊರೇಬಾಳದಲ್ಲಿ, ನಮ್ಮವನೇ ಒಬ್ಬನ ಟ್ರ್ಯಾಕ್ಟರ್ ರಿಪೇರಿ ಶೆಡ್ಡಿನಲ್ಲಿ. ಮೂರೂ ತಾಲೂಕಿನ ಮಂದಿ ಬಂದಿದ್ದರು. ಲಿಂಗಸುಗೂರಿನ ಅಮರೇಶಪ್ಪ ಸಭೆ ನಡೆಸುವ ಹಿರಿಯ. ಗುರುಗುಂಟಾದಿಂದ ಕುರಿ ಸಾಕುವ ಮುದುಕಪ್ಪ ಬಂದಿದ್ದ. ಅವನು ನನ್ನ ಓರಗೆಯವನು, ನಾಲಿಗೆ ಮೇಲೆ ಹಿಡಿತವಿಲ್ಲದ ಮನುಷ್ಯ.

"ದೊಡ್ಡ ಪಕ್ಷದವರು ಪುಕ್ಕಟ ಕೊಡಾಕತ್ತಿಲ್ಲ" ಎಂದು ಅಮರೇಶಪ್ಪ ಶುರು ಮಾಡಿದರು. "ನಾಳೆ ಅವರು ಹೇಳಿದಲ್ಲೆಲ್ಲ ಸಹಿ ಹಾಕೋರನ್ನ ಕೂಡ್ರಿಸಿದ್ರ ನಮ್ಮ ಕತಿ ಮುಗೀತು. ಇಲ್ಲ ಅನ್ನೋ ಗಟ್ಟಿತನ ಇರೋರು ಬೇಕು."

ಆ ಮಾತು ಕೇಳಿದ ಕೂಡಲೇ ನನ್ನ ತಲೆಯಲ್ಲಿ ಒಂದು ದಾರಿ ಹೊಳೆಯಿತು. ಮೊದಲು ನನ್ನನ್ನೇ ಏಳಿಸಿದರು.

"ಹುಲಿಗೆಮ್ಮ ನನ್ನ ಮಗಳಿದ್ದಂಗ" ಎಂದೆ. "ಭಾಳ ಒಳ್ಳೆ ಹೆಣ್ಣುಮಗಳು. ಯಾರಿಗೂ ಒಂದು ಮಾತು ಎದುರಾಡಿದಾಕಿ ಅಲ್ಲ. ಯಾರು ಏನು ಹೇಳಿದ್ರೂ ಹೂಂ ಅಂತಾಳ, ಇಲ್ಲ ಅನ್ನಾಕ ಬರಂಗಿಲ್ಲ ಪಾಪ. ದೊಡ್ಡ ಪಕ್ಷದವರ ಕೂಡನೂ ಹೊಂದ್ಕೊಂಡು ಹೋಗ್ತಾಳ."

"ಕಣ್ಣಾರೆ ಕಂಡಿದ್ದೊಂದು ಹೇಳ್ರಿ ಬಸಣ್ಣ" ಎಂದರು ಅಮರೇಶಪ್ಪ.

"ನಮ್ಮ ಮೀಟಿಂಗ್ ಮುಗಿದ ಮ್ಯಾಲೆ ಎಲ್ಲರ ಚಾ ಕಪ್ಪು ತಾನ ತೊಳೀತಾಳ. ಅದನ್ನ ಕಣ್ಣಾರೆ ಕಂಡೀನ್ರಿ" ಎಂದು ಕೂತೆ.

ಒಂದು ಮಾತೂ ಬೈಗುಳವಲ್ಲ, ಎಲ್ಲವೂ ಹೊಗಳಿಕೆಯೇ. ಹೊಗಳಿಯೇ ಅವಳನ್ನು ಮುಗಿಸಿದ್ದೆ. ಅಕ್ಕಪಕ್ಕದವರು ಮುಖ ಮುಖ ನೋಡಿಕೊಂಡಿದ್ದು ಕಂಡು ನನಗೆ ಒಳಗೊಳಗೇ ಹಿಗ್ಗಾಯಿತು.

ಹುಲಿಗೆಮ್ಮ ಎದ್ದಳು. ಸೆರಗು ಸರಿಮಾಡಿಕೊಂಡಳು. ನನಗೆ ತಿರುಗೇಟು ಕೊಡುತ್ತಾಳೆಂದು ಗಟ್ಟಿ ಮನಸ್ಸು ಮಾಡಿ ಕೂತೆ.

"ನಾ ಮೊದಲನೇ ಸಲ ಎಲೆಕ್ಷನ್ನಿಗೆ ನಿಂತಾಗ ನಮಗ ಕುಂದ್ರಾಕ ಜಾಗ ಇರ್ಲಿಲ್ರಿ" ಎಂದಳು. "ಕಾಕಾ ತಮ್ಮ ಅಂಗಡಿ ಮುಂದಿನ ಅರ್ಧ ಬಿಟ್ಟುಕೊಟ್ರು. ನಮ್ಮ ಓಣಿ ಮಂದಿ ಅಲ್ಲಿ ಬಂದು ಕುಂದ್ರೋದು ನೋಡಿ ಕೆಲವರು ಬಟ್ಟಿ ಹೊಲಿಸೋದು ಬಿಟ್ರು. ಒಬ್ಬರಂತೂ ಅರ್ಧ ಹೊಲಿದ ಬಟ್ಟಿ ವಾಪಸ್ ತಗೊಂಡು ಹೋದ್ರು. 'ಅವರನ್ನ ಎಬ್ಬಿಸು, ಆಮ್ಯಾಲೆ ಬರ್ತೀವಿ' ಅಂದ್ರು. ನಾ ಒಳಗ ಕುಂತಿದ್ದೆ, ಆ ಮಾತು ನನಗ ಕೇಳಿಸ್ತು ಅಂತ ಕಾಕಾಗ ಗೊತ್ತಿಲ್ಲ. ಕಾಕಾ ಅವರ ಬಟ್ಟಿ ಮಡಚಿ ಕೊಟ್ಟು ಕಳಿಸಿದ್ರು. ನನಗ ಒಂದು ಮಾತು ಹೇಳ್ಲಿಲ್ಲ. ಒಳಗ ಬಂದು, 'ಸೆಕಿ ಆಗಾಕತ್ತೇತೇನವಾ, ಫ್ಯಾನ್ ನಿಮ್ಮ ಕಡೆ ತಿರುವಲೇನು' ಅಂತ ಕೇಳಿದ್ರು. ಅಂಥಾ ಮನುಷ್ಯಾ ಅಧ್ಯಕ್ಷ ಆದ್ರ ಚಲೋ ಆಗ್ತೈತಿ. ನಾ ಕಂಡಿದ್ದು ಇದು."

ನನ್ನ ಕಿವಿ ಬಿಸಿಯಾದವು. ಆ ಸಂಗತಿಯನ್ನು ನಾನು ನನ್ನ ಹೆಂಡತಿಗೂ ಹೇಳಿರಲಿಲ್ಲ. ಯಾರೂ ನೋಡಿಲ್ಲವೆಂದೇ ತಿಳಿದಿದ್ದೆ.

ಪದ್ಧತಿಯಂತೆ ಇಬ್ಬರೂ ಹೊರಗೆ ಬಂದೆವು. ಬೇವಿನ ಗಿಡದ ಕೆಳಗೆ ಹೊರಸು ಹಾಕಿದ್ದರು. ಚಹಾ ಬಂತು. ಒಳಗೆ ಮಾತು ಜೋರಾಗಿತ್ತು, ಏನೆಂದು ತಿಳಿಯುತ್ತಿರಲಿಲ್ಲ.

"ಅಂಗಿ ಹೊಸದೇನ್ರಿ ಕಾಕಾ?" ಎಂದಳು.

"ಹೌದವಾ."

"ಚಲೋ ಐತಿ. ಕಾಲರ್ ಮಾತ್ರ ಜರಾ ಬಿಗಿಯಾದಂಗ ಐತಿ ನೋಡ್ರಿ."

ನಾನು ಕುತ್ತಿಗೆಯ ಗುಂಡಿ ಬಿಚ್ಚಿದೆ. ಅವಳು ಚಹಾದ ಕಪ್ಪನ್ನು ಕೈಯಲ್ಲಿ ತಿರುಗಿಸುತ್ತ ಕೇಳಿದಳು: "ಕಪ್ಪು ತೊಳಿಯೋದು ಕಂಡೀನಿ ಅಂದ್ರಿ. ಮುಕ್ಕುಂದದ ಗದ್ದಿಗೂ ಬಂದಿದ್ರಲ್ಲ ನೀವು?"

ಬಂದಿದ್ದೆ. ಕಂಡಿದ್ದೆ. ಮರೆಯುವಂಥದ್ದೂ ಆಗಿರಲಿಲ್ಲ. ಆದರೆ ಬಾಯಿಂದ ಬಂದದ್ದು ಬೇರೆ. "ಬಂದಿದ್ದೆನೇನು? ವಯಸ್ಸಾತು ನೋಡು, ನೆನಪು ಉಳಿಯಂಗಿಲ್ಲ."

ಅವಳು ನನ್ನ ಮುಖ ನೋಡಿದಳು. ಅವಳಿಗೆ ಎಲ್ಲ ಗೊತ್ತಾಗಿತ್ತು ಎಂಬುದು ನನಗೆ ಗೊತ್ತಾಯಿತು. "ಹೋಗ್ಲಿ ಬಿಡ್ರಿ. ಚಾ ಆರಾಕತ್ತೇತಿ, ಕುಡೀರಿ" ಎಂದಳು.

ಕಪ್ಪು ಕೆಳಗಿಟ್ಟೆ. ತಡೆಯಲಾರದೆ ಕೇಳಿದೆ: "ನನ್ನ ಬಗ್ಗೆ ಅಷ್ಟು ಚಲೋ ಮಾತು ಯಾಕ ಹೇಳಿದಿ?"

"ಕಂಡಿದ್ದು ಹೇಳಂದ್ರಲ್ಲ. ಕಂಡಿದ್ದೆ, ಹೇಳ್ದೆ" ಎಂದಳು.

ಒಳಗಿಂದ ಕರೆ ಬಂತು. ಅಮರೇಶಪ್ಪ ನಿಂತಿದ್ದರು. "ಇಬ್ಬರೂ ನಮ್ಮವರ. ಆದ್ರ ಮಂದಿ ಮನಸ್ಸು ಬಸಣ್ಣನ ಕಡೆ ಐತಿ. ತಂಗಿ ಹುಲಿಗೆಮ್ಮ, ಬ್ಯಾಸರ ಮಾಡ್ಕೋಬ್ಯಾಡ. ನೀ ಮೆತ್ತಗಾಕಿ, ನಾಳೆ ಅವರು ಜೋರು ಮಾಡಿದ್ರ ತಡಕೊಳ್ಳಾಕ ಆಗಂಗಿಲ್ಲ ಅಂತ ಎಲ್ಲರಿಗೂ ಹೆದರಿಕಿ. ಬಸಣ್ಣ ಹೇಳಿದ್ದೂ ಅದನ್ನ."

ಅವಳು ಒಂದು ಮಾತು ವಾದ ಮಾಡಲಿಲ್ಲ. "ಆಗ್ಲಿರಿ. ಕಾಕಾನ ಹೆಸರು ನಾನ ಸೂಚಿಸ್ತೀನಿ" ಎಂದು ಮುಂದೆ ಬಂದಳು.

ಅಲ್ಲಿಗೆ ನಾನು ಬಯಸಿದ್ದು ಕೈಗೆ ಬಂದಿತ್ತು. ಅವಳು ನನ್ನ ಹೆಸರು ಹೇಳಲು ಬಾಯಿ ತೆರೆದಳು ಅಷ್ಟೇ, ನಾನು "ತಡಿ" ಎಂದೆ. ಧೈರ್ಯ ಎಲ್ಲಿಂದ ಬಂತೆಂದು ಕೇಳಿದರೆ ಹೇಳಲಾರೆ. ಅವಳ ಬಾಯಲ್ಲಿ ನನ್ನ ಹೆಸರು ಕೇಳಿಸಿಕೊಳ್ಳಲು ಆಗಲಿಲ್ಲ, ಅಷ್ಟೇ.

"ನಾ ಪೂರಾ ಹೇಳಿಲ್ರಿ" ಎಂದೆ. "ಮುಕ್ಕುಂದದಾಗ ಪ್ರಚಾರಕ್ಕ ಹೋದಾಗ ಒಂದು ಕಂಡೀನಿ. ಹುಲಿಗೆಮ್ಮ ಆಳು ಕಟ್ಕೊಂಡು ನೆಲ್ಲು ಹಚ್ಚಾಕ ಹೋಗಿದ್ಲು. ಮುದುಕ್ಯಾರು ಸಾವಕಾಶ ಹಚ್ತಾರ, ಅವರಿಗೆ ಅರ್ಧ ಕೂಲಿ ಅಂದ ಗದ್ದಿ ಧಣಿ. ಈಕಿ ಕೈಯಾಗಿನ ಸಸಿ ಬದುವಿನ ಮ್ಯಾಲೆ ಇಟ್ಟು ಎಲ್ಲಾರನೂ ಮ್ಯಾಲೆ ಕರದ್ಲು. ಧಣಿ ಒದರ್ಯಾಡಿದ, ಬೇರೆ ಊರಿನ ಆಳು ತರ್ತೀನಿ ಅಂದ. ಈಕಿ ಕುಂತಲ್ಲಿಂದ ಏಳ್ಲಿಲ್ಲ. 'ಮುದುಕ್ಯಾರು ಹಚ್ಚಿದ ಸಾಲಿನಾಗ ನೆಲ್ಲು ಅರ್ಧ ಬೆಳೀತಾವೇನ್ರಿ ಧಣಿ?' ಅಂತ ಕೇಳಿದ್ಲು. ಅವಾ ಕಡೀಕ ಎಲ್ಲರಿಗೂ ಪೂರಾ ಕೂಲಿ ಒಪ್ಪಿಕೊಂಡ ಮ್ಯಾಲೇನ ಈಕಿ ಗದ್ದಿಗೆ ಇಳಿದಿದ್ದು. ಇಲ್ಲ ಅನ್ನಾಕ ಬರಂಗಿಲ್ಲ ಅಂದೆನಲ್ಲ, ಅದು ಸುಳ್ಳು. ಕುರ್ಚಿ ಆಸೆಗೆ ಬೇಕಂತಲೇ ಹಂಗ ಹೇಳಿದೆ."

ಮೊದಲು ಎದ್ದವನು ಮುದುಕಪ್ಪ. "ಲೇ ಬಸ್ಯಾ, ಚಾ ಕಪ್ಪು ಕಂಡ ಕಣ್ಣಿಗೆ ಇದು ಕಾಣ್ಲಿಲ್ಲೇನಲೇ? ಹಿರೇ ಮನುಷ್ಯಾಗಿ ಇಂಥಾದ್ದು ಮಾಡ್ತೀಯಾ?"

"ಕಂಡಿತ್ತೋ ಮಾರಾಯಾ. ಅದಕ್ಕ ಹೇಳ್ಲಿಲ್ಲ" ಎಂದೆ.

ಗದ್ದಲವೆದ್ದಿತು. ಪಕ್ಷದಿಂದಲೇ ತೆಗೆಯಿರಿ ಎಂದರು ಕೆಲವರು. ಅಮರೇಶಪ್ಪ ಎಲ್ಲರನ್ನೂ ಕೂರಿಸಿ ಮತ್ತೆ ಅಭಿಪ್ರಾಯ ಕೇಳಿದರು. ಈ ಸಲ ಎಲ್ಲರೂ ಹುಲಿಗೆಮ್ಮ ಎಂದೇ ಹೇಳಿದರು. "ಆದ್ರ ಇವನ ಬಾಯಿಂದ ಆಕಿ ಹೆಸರು ಬ್ಯಾಡ. ಬ್ಯಾರೇದವರು ಸೂಚಿಸ್ರಿ" ಎಂದ ಮುದುಕಪ್ಪ. ಹಲವರು ಹೌದು ಹೌದು ಎಂದರು. ನಾನು ಚಪ್ಪಲಿ ಹುಡುಕತೊಡಗಿದೆ. ಹೊರಗೆ ಹೋಗಿ ಸಿಕ್ಕ ಬಸ್ಸು ಹತ್ತಿಬಿಡುವುದು, ಮತ್ತೆ ಇವರ ಮುಖ ನೋಡದಿರುವುದು ಎಂದುಕೊಂಡಿದ್ದೆ.

"ನನ್ನ ಹೆಸರು ಹೇಳೋದಾದ್ರ ಕಾಕಾನ ಹೇಳಬೇಕು" ಎಂದಳು ಹುಲಿಗೆಮ್ಮ. "ಇಲ್ಲಂದ್ರ ನಾ ಒಲ್ಲೆ."

"ಯಾಕವಾ? ನಿನಗ ಮಾಡಿದ್ದು ಸಾಲದೇನು?" ಎಂದರು ಅಮರೇಶಪ್ಪ.

"ಮಾಡಿದ್ದು ಖರೆ. ಆದ್ರ ಗೆದ್ದು ನಿಂತಾಗ, ಇಷ್ಟು ಮಂದಿ ಮುಂದ ತಮ್ಮ ತಪ್ಪು ತಾವ ಹೇಳ್ಯಾರ. ನಿಮ್ಮಾಗ ಹಂಗ ಹೇಳ್ಕೊಳ್ಳೋರು ಯಾರ್ಯಾರದೀರಿ, ಏಳ್ರಿ ನೋಡೋಣು."

ಯಾರೂ ಏಳಲಿಲ್ಲ. ಮುದುಕಪ್ಪ ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡು ಗಟ್ಟಿಯಾಗಿ ನಕ್ಕ. "ಮೆತ್ತಗಾಕಿ ಅಂದಿದ್ದಿಯಲ್ಲಲೇ ಬಸ್ಯಾ! ನೋಡಲೇ, ಎಲ್ಲಾರನೂ ಕೂಡ್ರಿಸಿಬಿಟ್ಟಾಳ!" ಇಡೀ ಶೆಡ್ಡು ನಕ್ಕಿತು. ಆ ನಗುವಿನಲ್ಲಿ ನನಗೂ ಜಾಗವಿತ್ತು. ಹುಲಿಗೆಮ್ಮನ ಹೆಸರನ್ನು ನಾನೇ ಸೂಚಿಸಿದೆ.

ಹೊರಡುವಾಗ ಅವಳು ಎಲ್ಲರಿಗೂ ಕೇಳುವಂತೆ, "ಇಲ್ಲಿ ಆದ ಮಾತು ಇಲ್ಲೇ ಇರ್ಲಿ. ಕಾಕಾನ ಹೆಸರು ಊರಾಗ ಕೆಡಬಾರದು" ಎಂದಳು. ಇದುವರೆಗೂ ಆ ಮಾತನ್ನು ಯಾರೂ ಮೀರಿಲ್ಲ, ಮುದುಕಪ್ಪ ಕೂಡ.

ಪುರಸಭೆಯಲ್ಲಿ ದೊಡ್ಡ ಪಕ್ಷದವರು ಸ್ವಲ್ಪ ಗೊಣಗಿದರು. ಬಸಣ್ಣ ಆಗಿದ್ದರೆ ಚೆನ್ನಾಗಿತ್ತು ಎಂದು ಹೇಳಿ ಕಳಿಸಿದರು. ನಾವು ಅಲುಗಲಿಲ್ಲ. ಕೊನೆಗೆ ಕೈ ಎತ್ತಿದರು, ಹುಲಿಗೆಮ್ಮ ಅಧ್ಯಕ್ಷೆಯಾದಳು. ನನಗೆ ಗೊತ್ತಿರುವ ಮಟ್ಟಿಗೆ ಅವರಿಗೆ ಅವಳು ಹೂಂ ಅಂದದ್ದಕ್ಕಿಂತ ಇಲ್ಲ ಅಂದದ್ದೇ ಹೆಚ್ಚು.

ಇಷ್ಟೇ ಆಗಿದ್ದರೆ ಬಹುಶಃ ನಾನು ಬರೆಯುತ್ತಿರಲಿಲ್ಲ. ಆದರೆ ಊರಿನಲ್ಲಿ ಬೇರೆಯೇ ಮಾತು ಹಬ್ಬಿತು. ಕುರ್ಚಿ ಮನೆ ಬಾಗಿಲಿಗೆ ಬಂದಿದ್ದರೂ ಬಸಣ್ಣ ಒಬ್ಬ ಬಡ ಹೆಣ್ಣುಮಗಳಿಗೆ ಬಿಟ್ಟುಕೊಟ್ಟನಂತೆ. ಬಸ್‌ಸ್ಟ್ಯಾಂಡಿನಲ್ಲಿ ಗೊತ್ತಿಲ್ಲದವರೂ ನಿಲ್ಲಿಸಿ ಕೈ ಮುಗಿಯುತ್ತಾರೆ. ಮದುವೆಯೊಂದರಲ್ಲಿ ನನ್ನನ್ನು ವೇದಿಕೆಗೆ ಕರೆದು ಶಾಲು ಹೊದಿಸಿದರು. ಹುಲಿಗೆಮ್ಮ ಅದೇ ವೇದಿಕೆಯ ಮೇಲೆ ಕೂತು ಚಪ್ಪಾಳೆ ತಟ್ಟಿದಳು. ಆ ಶಾಲು ಹೆಗಲ ಮೇಲೆ ಉರಿಯುತ್ತಿತ್ತು.

ಮರುದಿನ ಅವಳ ಮನೆಗೆ ಹೋಗಿ, "ಖರೇದು ಪೇಪರಿಗೆ ಬರೆದು ಕಳಿಸ್ತೀನಿ, ಈ ಹೊಗಳಿಕಿ ಹೊರೋದು ನನ್ನ ಕೈಲೆ ಆಗವಲ್ದು" ಎಂದೆ. ಅವಳು ಅಕ್ಕಿ ಆರಿಸುತ್ತಿದ್ದಳು. "ಬರೀರಿ ಕಾಕಾ, ನಿಮ್ಮ ಮನಸ್ಸು ಹಗುರಾಗತೈತಂದ್ರ ಬರೀರಿ. ಊಟ ಮಾಡ್ಕೊಂಡು ಹೋಗ್ರಿ" ಎಂದಳು. ಉಂಡೆ.

ಆದ್ದರಿಂದ ಓದುವವರಿಗೆ ಹೇಳುತ್ತೇನೆ. ನನ್ನನ್ನು ಕಂಡು ಕೈ ಮುಗಿದ ಹಿರಿಯರೇ, ಶಾಲು ಹೊದಿಸಿದವರೇ, ನಾನು ಯಾರಿಗೂ ಏನನ್ನೂ ಬಿಟ್ಟುಕೊಡಲಿಲ್ಲ. ಅಷ್ಟು ಜನ ನನ್ನನ್ನು ಹೊರಗೆ ಹಾಕಲು ಎದ್ದು ನಿಂತಿದ್ದಾಗ ಹುಲಿಗೆಮ್ಮ ನನ್ನನ್ನು ಬಿಟ್ಟುಕೊಡಲಿಲ್ಲ. ನಾನು ಇಂದಿಗೂ ಆ ಪಕ್ಷದ ಸಭೆಗಳಲ್ಲಿ ತಲೆಯೆತ್ತಿ ಕೂರುತ್ತಿದ್ದರೆ ಅದು ಅವಳಿಂದ. ಆ ಋಣ ತೀರಿಸುವಷ್ಟು ಆಯುಷ್ಯ ನನಗೆ ಉಳಿದಿಲ್ಲ.