ಕೈಯಿಂದ ಕೈಗೆ ಕೊಡಬಾರದ ಸೂಜಿ

ವಯಸ್ಸಾದಂತೆ ಮನುಷ್ಯನ ಕಣ್ಣು ಮಂದವಾಗುತ್ತದೆ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಸೂಜಿಗಳೇ ವರ್ಷದಿಂದ ವರ್ಷಕ್ಕೆ ಕಣ್ಣು ಕಿರಿದು ಮಾಡಿಕೊಳ್ಳುತ್ತಿವೆ. ಈ ಮಹತ್ತರ ಸಂಶೋಧನೆ ನಡೆದದ್ದು ಮೊಳಕಾಲ್ಮೂರಿನ ಸಮುದಾಯ ಭವನವೊಂದರ ಚಾಪೆಯ ಮೇಲೆ. ಚಳ್ಳಕೆರೆಯಿಂದ ರಾಂಪುರದವರೆಗಿನ ರಸ್ತೆಯನ್ನು ಸುತ್ತಲ ಊರವರೆಲ್ಲ ಸೇರಿ ಕಸೂತಿಯಲ್ಲಿ ಮೂಡಿಸುವುದು, ಒಬ್ಬೊಬ್ಬರಿಗೆ ಒಂದೊಂದು ತುಂಡು ಬಟ್ಟೆ, ಕೊನೆಗೆ ಎಲ್ಲವನ್ನೂ ಜೋಡಿಸಿ ಗ್ರಂಥಾಲಯದಲ್ಲಿ ತೂಗುಹಾಕುವುದು ಎಂಬ ಯೋಜನೆಗೆ, ಆಯುಷ್ಯವಿಡೀ ಚಳ್ಳಕೆರೆಯಲ್ಲಿ ಶೇಂಗಾ ವ್ಯಾಪಾರ ಮಾಡಿದ ನನ್ನ ಹೆಸರು ಕೊಟ್ಟವಳು ನನ್ನ ಹೆಂಡತಿ. "ಮನೇಲಿ ಕೂತು ನನ್ನ ತಲೆ ತಿನ್ನೋ ಬದ್ಲು, ಅಲ್ಲೋಗಿ ನಾಕು ಹೊಲಿಗೆ ಹಾಕ್ರಿ" ಎಂಬುದು ಅವಳ ಕಲಾಮೀಮಾಂಸೆ.

ಸಾಮೂಹಿಕ ಕಲೆ ಎಂದರೆ, ಓದುಗರೇ, ತನ್ನ ತುಂಡನ್ನು ಬಿಟ್ಟು ಉಳಿದೆಲ್ಲರ ತುಂಡನ್ನೂ ವಿಮರ್ಶಿಸುವುದು. ಅದನ್ನಾದರೂ ಸಹಿಸಬಹುದು, ಸೂಜಿಯ ಸಂಪ್ರದಾಯವನ್ನಲ್ಲ. ಸೂಜಿಯನ್ನು ಕೈಯಿಂದ ಕೈಗೆ ಕೊಟ್ಟರೆ ಜಗಳವಾಗುತ್ತದೆ ಎಂದು ನಮ್ಮ ಅವ್ವ ಹೇಳುತ್ತಿದ್ದಳು. ಅಲ್ಲಿದ್ದ ಎಲ್ಲರ ಅವ್ವಂದಿರೂ ಹೇಳಿದ್ದರಂತೆ. ಆದ್ದರಿಂದ ಕೊಡುವವರು ಚಾಪೆಯ ಮೇಲಿಡಬೇಕು, ಬೇಕಾದವರು ಅಲ್ಲಿಂದ ಎತ್ತಿಕೊಳ್ಳಬೇಕು. ಇಟ್ಟದ್ದು ಕಂಡರೆ ತಾನೆ ಎತ್ತುವುದು? ಆ ಶಾಂತಿದೂತ ಪ್ರತಿ ಭಾನುವಾರವೂ ನನಗೇ ಸಿಗುತ್ತಿತ್ತು. ಕಣ್ಣಿಗಲ್ಲ, ಕೂರುವ ಭಾಗಕ್ಕೆ.

ಇಷ್ಟು ಜಾಗರೂಕತೆಯ ನಡುವೆಯೂ ಜಗಳ ಬಂತು. ನನ್ನ ಪಕ್ಕದ ತುಂಡು ರಾಂಪುರದ ನಿವೃತ್ತ ಶಿಕ್ಷಕಿ ಶಾರದಮ್ಮನವರದು. ಅವರು ರಸ್ತೆಯ ಕೆಳಗೆ ಮೂಡಿಸಿದ್ದ ಕುರಿಮಂದೆಯನ್ನು ಕಂಡು ನಾನು ವೃತ್ತಿಸಹಜ ಉತ್ಸಾಹದಿಂದ "ಶೇಂಗಾ ಚೆನ್ನಾಗಿ ಕಾಯಿ ಕಟ್ಟೈತ್ರಿ" ಎಂದುಬಿಟ್ಟೆ. ಅಂದಿನಿಂದ ಮಾತು ನಿಂತಿತು. ಮೌನದ ಫಲ ಜೋಡಣೆಯ ದಿನ ಕಂಡಿತು: ನನ್ನ ರಸ್ತೆ ಅಂಚು ಮುಟ್ಟುವ ಜಾಗಕ್ಕೂ ಅವರದು ಹೊರಡುವ ಜಾಗಕ್ಕೂ ಮೂರು ಬೆರಳಿನ ಅಂತರ. ಒಬ್ಬರು ಬಿಚ್ಚಲೇಬೇಕು, ಇಲ್ಲವಾದರೆ ಚಳ್ಳಕೆರೆ ಬಿಟ್ಟವರು ರಾಂಪುರ ತಲುಪುವಂತಿಲ್ಲ.

"ನಿಮ್ಮ ಚಳ್ಳಕೆರೇನೇ ಕೆಳಗೈತ್ರಿ, ನಾನೇನ್ ಮಾಡ್ಲಿ? ಆ ಹೂಕೋಸು ಕಿತ್ತು, ರಸ್ತೆ ಮ್ಯಾಲಕ್ಕೆ ತಗೊಳ್ರಿ" ಎಂದರು ಶಾರದಮ್ಮ.

ಅದು ಹೂಕೋಸಲ್ಲ, ಹುಣಸೆಮರ. ತವರಿಗೆ ಹೊರಟ ಅವ್ವ ನನ್ನನ್ನು ಸೊಂಟದ ಮೇಲೆ ಕೂರಿಸಿಕೊಂಡು ಬಸ್ಸಿಗೆ ಕಾಯುತ್ತಿದ್ದದ್ದು ಅದರ ನೆರಳಲ್ಲಿ. ರಸ್ತೆ ಅಗಲ ಮಾಡುವಾಗ ಅದನ್ನು ಕಡಿದರು. ಡಾಂಬರಿನ ರಸ್ತೆಗೆ ಬಲಿಯಾದ ಮರವನ್ನು ದಾರದ ರಸ್ತೆಗೂ ಬಲಿಕೊಡುವುದೆಂದರೆ! "ಅದನ್ನ ಕೀಳಾಕಾಗಲ್ರಿ" ಎಂದು ಕಾರಣವನ್ನೂ ಹೇಳಿದೆ. ದನಿ ಮಾತ್ರ ಯಾಕೋ ನಾನಂದುಕೊಂಡಷ್ಟು ಬಿಗಿಯಾಗಿರಲಿಲ್ಲ.

ಶಾರದಮ್ಮ ಕನ್ನಡಕ ಒರೆಸಿಕೊಂಡರು. ಆಮೇಲೆ ಗೊಣಗಿದರು: "ನನ್ನ ಕುರೀನೂ ಕದಲಲ್ಲ. ನಮ್ ರಸ್ತೆ ಯಾವತ್ತು ನೆಟ್ಟಗಿತ್ತು? ಒಂದು ತಿರುವು ಹಾಕಾನ ಬರ್ರಿ."

ಕಪ್ಪು ದಾರ ಒಂದು ಸೂಜಿಗಾಗುವಷ್ಟೇ ಉಳಿದಿತ್ತು. ಆ ಬದಿಯಿಂದ ಅವರು ಕೆಲವು ಹೊಲಿಗೆ ಹಾಕಿದರು. ನನ್ನ ಸರದಿ ಬಂದಾಗ ನಾನು ರೂಢಿಯಂತೆ ಚಾಪೆ ತಡಕತೊಡಗಿದೆ. ಅವರು ಸೂಜಿಯನ್ನು ನೇರವಾಗಿ ಕೈಗೇ ಚಾಚಿದರು.

"ಹಿಡೀರಿ. ಇನ್ನೂ ಎಂಥಾ ಜಗಳ ಬಾಕಿ ಐತೆ ನಮ್ದು?"

ಹಿಡಿದೆ, ಹಿಡಿಯುವಷ್ಟರಲ್ಲಿ ದಾರ ಜಾರಿ ಹೊರಬಂತು. ಸೂಜಿಯ ಕಣ್ಣು ಎಂದಿನಂತೆ ಕಿರಿದೇ. ನಾನು ಸೂಜಿ ಹಿಡಿದು ಕೂತೆ, ಅವರು ದಾರದ ತುದಿಯನ್ನು ಎಂಜಲು ಮಾಡಿ ತೂರಿಸಹೊರಟರು. ಹೋಗಲಿಲ್ಲ, ಮತ್ತೂ ಹೋಗಲಿಲ್ಲ.

"ಕೈ ಅಲುಗಾಡಿಸಬ್ಯಾಡ್ರಿ ಅಂದ್ನಲ್ಲ!" ಎಂದು ಇಡೀ ಭವನಕ್ಕೆ ಕೇಳುವಂತೆ ಗದರಿದರು.

ಅವ್ವನ ಮಾತು ಸುಳ್ಳಾಗಲಿಲ್ಲ.